ಮೊಂಜಾದಾಗ 1:54ರ ಕೆಳಗ ಟೈಮ್ ಇಳೀವಲ್ತು, ಹೊಸಾ ವೀಲ್ ತಗೊಳ್ಳೇಬೇಕೇನ್ರಿ?

ಹುಬ್ಬಳ್ಳಿ_ಹ್ಯಾಂಡ್‌ಬ್ರೇಕ್ (ವಾಕಡ್, ಪುಣೆ)

ಎಲ್ಲಾರಿಗೂ ನಮಸ್ಕಾರ್ರಿ, ಪೋಸ್ಟ್ ಸ್ವಲ್ಪ ಉದ್ದ ಐತಿ, ಚಾ ಇಟ್ಕೊಂಡು ಓದ್ರಿ.

ನಾ ಹುಬ್ಬಳ್ಳಿಯಾಂವ, ಪುಣೆಕ್ಕ ಬಂದು ಆರು ವರ್ಷ ಆತು, ಹಿಂಜವಡಿಯಾಗ ಕೆಲಸ, ವಾಕಡ್‌ನ್ಯಾಗ ಬಾಡಗಿ ಮನಿ. ದಿನಾ ಸಂಜಿಕೆ ಭೂಮ್ಕರ್ ಚೌಕದಾಗ ಮುಕ್ಕಾಲು ತಾಸು ಫಸ್ಟ್ ಗೇರಿನ್ಯಾಗ ಕುಂತು ಮನಿಗೆ ಬಂದಾಂವಗ ಒಂದೀಟು ಜೋರ್ ಗಾಡಿ ಹೊಡೀಬೇಕು ಅನಸ್ತೈತೋ ಇಲ್ಲೋ ನೀವ ಹೇಳ್ರಿ. ಅದಕ್ಕ ಮೂರು ತಿಂಗಳ ಹಿಂದ ಸೇಲ್ ಇದ್ದಾಗ ಅಸೆಟ್ಟೋ ಕೋರ್ಸಾ ಕಾಂಪಿಟಿಜಿಯೋನೆ ಅನ್ನೋ ಕಂಪ್ಯೂಟರ್ ಕಾರ್ ರೇಸ್ ಗೇಮ್ ತಗೊಂಡೆ, ಜೋಡಿ ಒಬ್ಬ ಕಾಲೇಜ್ ಹುಡುಗನ ಕಡೆಯಿಂದ ಸೆಕೆಂಡ್ ಹ್ಯಾಂಡ್ ಸ್ಟೇರಿಂಗ್ ವೀಲು ಪೆಡಲು 14,000ಕ್ಕ ತಗೊಂಡೆ. ಒಳಗ ಗೇರ್ ಇರೋ ವೀಲು, 900 ಡಿಗ್ರಿ ತಿರಗ್ತೈತಿ, ಕಂಪನಿ ಹೆಸರು ಬ್ಯಾಡ ಬಿಡ್ರಿ. ಅದಕ್ಕೂ ಮೊದಲ ನಾ ಆಡಿದ್ದು ಬರೇ ಮೊಬೈಲ್‌ನ್ಯಾಗಿನ ಗೇಮು, ಅದ್ರಾಗ ಬ್ರೇಕ್ ಅನ್ನೋದು ಇತ್ತೋ ಇಲ್ಲೋ ನೆನಪಿಲ್ಲ, ಗ್ವಾಡಿಗೆ ತಿಕ್ಕೊಂಡ ಹೋದ್ರೂ ಫಸ್ಟ್ ಬರ್ತಿದ್ದೆ. ಇಲ್ಲಿ ಮೊದಲನೇ ದಿನ ಪಿಟ್‌ನಿಂದ ಹೊರಗ ಬಂದು ಗಾಡಿ ಸರಳ ಓಡಸಾಕ ಅರ್ಧಾ ತಾಸು ಹಿಡೀತು.

ಈಗ ವಿಷಯಕ್ಕ ಬರ್ತೀನಿ. ಟ್ರ್ಯಾಕ್ ಇಟಲಿಯ ಮೊಂಜಾ, ಗಾಡಿ ಪೋರ್ಷೆದ ಜಿಟಿ3 ವರ್ಗದ ರೇಸ್ ಕಾರು, 911 ಜಿಟಿ3 ಆರ್ (ಹಾಸ್ಟೆಲ್‌ನ್ಯಾಗ ಇದ್ದಾಗ ಗ್ವಾಡಿ ಮ್ಯಾಲ ಪೋಸ್ಟರ್ ಇತ್ತು, ಅದಕ್ಕ ಬ್ಯಾರೇ ಗಾಡಿ ಮುಟ್ಟಂಗಿಲ್ಲ). ಒಂದು ಸುತ್ತಿಗೆ ನನ್ನ ಬೆಸ್ಟ್ 1:54.3 (1 ನಿಮಿಷ 54.3 ಸೆಕೆಂಡ್), ಒಂದೂವರಿ ತಿಂಗಳಿಂದ ಅಲ್ಲೇ ಕುಂತೈತಿ. ಯೂಟ್ಯೂಬಿನ್ಯಾಗ ಮಂದಿ ಅದ ಟ್ರ್ಯಾಕಿನ್ಯಾಗ 1:47, 1:48 ಹೊಡೀತಾರ. ಆರೇಳು ಸೆಕೆಂಡ್ ಅಂದ್ರ ಅವರು ಲೈನ್ ದಾಟಿ ನೀರು ಕುಡಿಯೂತನಾ ನಾ ಇನ್ನೂ ಕೊನೇ ತಿರುವು ಪರಬೋಲಿಕಾದಾಗ ಇರ್ತೀನಿ.

ತ್ರಾಸು ಎರಡು. ಒಂದು, ಮೊದಲನೇ ಚಿಕೇನು, ಅಂದ್ರ ಸ್ಪೀಡ್ ಇಳಸಾಕ ಹಾಕಿದ ಎಡಾ-ಬಲಾ ತಿರುವು. ಸ್ಟ್ರೇಟ್ ಮುಗಿಯೂಮುಂದ 150ರ ಬೋರ್ಡಿನ (ತಿರುವಿಗೆ ಇನ್ನ 150 ಮೀಟರ್) ಹತ್ರ ಬ್ರೇಕ್ ತುಳೀತೀನಿ, ವಿಡಿಯೋದಾಗ ಹಂಗ ಹೇಳ್ಯಾರ, ಆದ್ರ ಗಾಡಿ ನಿಲ್ಲಂಗಿಲ್ಲ, ಸೀದಾ ಹೋಗಿ ತಿರುವಿನ ಅಂಚಿಗಿರೋ ಆ ಉಬ್ಬಿದ ಕರ್ಬ್ ಮ್ಯಾಲ ಹಾರಿ ಆಚೀಕಡೆ ಬೀಳ್ತೀನಿ, ಹತ್ತು ಲ್ಯಾಪಿನ್ಯಾಗ ಆರು ಸಲಾ ಹಿಂಗ. ಎರಡನೇದು ಲೆಸ್ಮೋ ಅನ್ನೋ ತಿರುವು, ಅಲ್ಲಿ ಒಳಗ ಹೋದ ಮ್ಯಾಲ ‘ಅಯ್ಯೋ ಜೋರ್ ಆತು’ ಅನಸ್ತೈತಿ, ಆಕ್ಸಿಲರೇಟರ್ ಬಿಡ್ತೀನಿ, ಬಿಟ್ಟ ಕೂಡ್ಲೇ ಹಿಂದಿನ ಭಾಗ ಮುಂದ ಬಂದು ನನ್ನ ನೋಡ್ತೈತಿ.

ದೀಪಾವಳಿ ಬೋನಸ್ ಬರೂದೈತಿ. ಒಂದು ಡೈರೆಕ್ಟ್ ಡ್ರೈವ್ ವೀಲು (ನಡುವ ಗೇರ್ ಇಲ್ದ ಮೋಟರಿಗೇ ನೇರ ಜೋಡಿಸಿದ್ದು) ನೋಡಿ ಇಟ್ಟೀನಿ, ಒತ್ತಡ ಅಳೆಯೋ ಲೋಡ್ ಸೆಲ್ ಪೆಡಲ್ ಸೇರಿಸಿದ್ರ 50,000ದ ಮ್ಯಾಲ ಹೊಕ್ಕೈತಿ. ಅದನ್ನ ತಗೊಂಡ್ರ ಟೈಮ್ ಇಳೀತೈತೇನು? ಮನ್ಯಾಗ ಆಕಿ ಈಗಾಗ್ಲೇ ಕೇಳಾಕತ್ತಾಳ, ‘ಅಲ್ರೀ, ದಿನಾ ರಾತ್ರಿ ಅದ ರೋಡ್ ಸುತ್ತಾಕತ್ತೀರಿ, ಊರು ಯಾವಾಗ ಬರ್ತೈತಿ?’

ಸೆಟಪ್ ಕೇಳ್ತೀರಿ ಅಂತ ಹೇಳಿಬಿಡ್ತೀನಿ: ಸಾದಾ ಕಂಪ್ಯೂಟರ್ ಟೇಬಲ್, 24 ಇಂಚಿನ ಒಂದ ಮಾನಿಟರು, ವರ್ಕ್ ಫ್ರಮ್ ಹೋಮ್‌ದಾಗ ತಗೊಂಡ ಗಾಲಿ ಇರೋ ಕುರ್ಚಿ, ಪೆಡಲ್ ಗ್ವಾಡಿಗೆ ಆನಿಸಿ ಇಟ್ಟೀನಿ, ಯಾಕಂದ್ರ ಟೈಲ್ಸ್ ಮ್ಯಾಲ ಜಾರತಾವು.

---

ಡೊಂಬಿವಲಿ_ಡೌನ್‌ಶಿಫ್ಟ್

ಮಾರಾಯ್ರೆ, ವೀಲಿನ ಕತೆ ಆಮೇಲೆ, ಮೊದಲು ಆ ಪೋರ್ಷೆಯಿಂದ ಇಳಿಯಿರಿ. ಪೋಸ್ಟರ್ ನೋಡಿ ಮದುವೆ ಆದ ಹಾಗೆ ಆಯ್ತು ನಿಮ್ಮದು.

911ರಲ್ಲಿ ಇಂಜಿನ್ ಇರುವುದು ಹಿಂದಿನ ಚಕ್ರದಿಂದಲೂ ಹಿಂದೆ. ಆ ಭಾರ ಎಲ್ಲ ಬಾಲದಲ್ಲಿ ಉಂಟು. ಬ್ರೇಕ್ ಹಾಕುವಾಗ, ತಿರುವಿನಿಂದ ಹೊರಗೆ ಬಂದು ಆಕ್ಸಿಲರೇಟರ್ ಕೊಡುವಾಗ ಅದು ಒಳ್ಳೇದೇ, ಹಿಂದಿನ ಟಯರಿಗೆ ಹಿಡಿತ ಸಿಗ್ತದೆ. ಆದರೆ ತಿರುವಿನ ನಡುವೆ ಹೆದರಿ ಕಾಲು ತೆಗೆದಿರೋ, ಭಾರ ಒಮ್ಮೆಲೇ ಮುಂದೆ ಹೋಗ್ತದೆ, ಹಿಂದಿನ ಟಯರ್ ಹಗುರ ಆಗ್ತದೆ, ಆ ಇಂಜಿನ್ ಗಡಿಯಾರದ ಲೋಲಕದ ಹಾಗೆ ಹೊರಗೆ ಬೀಸ್ತದೆ. ಲೆಸ್ಮೋದಲ್ಲಿ ನಿಮಗೆ ಆಗುವುದು ಅದೇ, ಅದಕ್ಕೆ ಒಂದು ಲಕ್ಷದ ವೀಲ್ ತಂದರೂ ಅಷ್ಟೇ. ಸ್ವಲ್ಪ ದಿನ ಇಂಜಿನ್ ಮುಂದೆ ಇರುವ ಗಾಡಿ ತಕೊಳ್ಳಿ, ಆಸ್ಟನ್ ಮಾರ್ಟಿನ್ ವ್ಯಾಂಟೇಜ್ ಅಥವಾ ಮರ್ಸಿಡಿಸ್ ಎಎಂಜಿ, ಅವು ತಪ್ಪು ಮಾಡಿದರೂ ಸ್ವಲ್ಪ ಸಹಿಸಿಕೊಳ್ತವೆ.

ನಾವು ಹೋಟೆಲಿನವರು, ಮಾಟುಂಗದಲ್ಲಿ ಮಾವನ ಹೋಟೆಲ್, ರಾತ್ರಿ ಶಟರ್ ಎಳೆದು ಲಾಸ್ಟ್ ಲೋಕಲ್ ಹಿಡಿದು ಮನೆಗೆ ಬಂದು ಒಂದು ಗಂಟೆ ಆಡುವವ ನಾನು. ನನಗೆ ಈ ಭಾರ ಮುಂದೆ ಹೋಗುವುದು ಹಿಂದೆ ಹೋಗುವುದು ಅಂದ್ರೆ ಎಂತ ಅಂತ ಯಾವ ವಿಡಿಯೋ ನೋಡಿಯೂ ಗೊತ್ತಾಗಲಿಲ್ಲ, ಗೊತ್ತಾದದ್ದು ನಮ್ಮ ಸಾಂಬಾರ್ ಬಡಿಸುವ ಹುಡುಗನನ್ನು ನೋಡಿ. ಹೊಸ ಹುಡುಗ ಬಕೆಟ್ ಹಿಡಿದು ಓಡಿಕೊಂಡು ಬಂದು ಟೇಬಲಿನ ಮೂಲೆಯಲ್ಲಿ ಗಕ್ಕನೆ ನಿಂತು ತಿರುಗ್ತಾನೆ, ಸಾಂಬಾರ್ ಗಿರಾಕಿಯ ಅಂಗಿ ಮೇಲೆ. ಹಳಬ ಮೂಲೆ ಬರುವ ಮೊದಲೇ ನಿಧಾನ ಮಾಡಿ, ತಿರುಗುವಾಗ ಕಾಲು ಸಡಿಲ ಬಿಟ್ಟು, ತಿರುಗಿ ಆದ ಮೇಲೆ ಪುನಃ ಜೋರು ನಡೀತಾನೆ, ಬಕೆಟ್‌ನಲ್ಲಿ ಅಲೆ ಏಳುವುದಿಲ್ಲ. ಇಬ್ಬರಲ್ಲಿ ಮೊದಲು ಅಡಿಗೆಮನೆ ಮುಟ್ಟುವವ ಹಳಬನೇ.

ಹಾಗಾಗಿ ಲೆಸ್ಮೋಗೆ ಹೋಗುವಾಗ ನಿಮಗೆ ‘ಛೆ ತುಂಬಾ ನಿಧಾನ ಆಯ್ತು’ ಅಂತ ಅನ್ನಿಸಬೇಕು. ಹಾಗೆ ಅನ್ನಿಸಿದರೆ ನಡುವೆ ಕಾಲು ತೆಗೆಯುವ ಪ್ರಶ್ನೆಯೇ ಬರುವುದಿಲ್ಲ.

ಮತ್ತೊಂದು, ಗೇರ್ ಇಳಿಸುವಾಗ ಟಕಟಕಟಕ ಅಂತ ಒಟ್ಟಿಗೆ ಇಳಿಸ್ತೀರಾ? ನಾನು ಹಾಗೆ ಮಾಡ್ತಿದ್ದೆ. ಇಂಜಿನ್ನಿನ ಬ್ರೇಕ್ ಪೂರಾ ಹಿಂದಿನ ಚಕ್ರಕ್ಕೆ ಬಿದ್ದು ಬಾಲ ಕುಣೀತದೆ. ಸ್ಪೀಡ್ ಇಳಿದ ಹಾಗೆ ಒಂದೊಂದೇ ಗೇರ್ ಇಳಿಸಿ.

---

ಘೋಡಬಂದರ್_ಜಿಟಿ (ಠಾಣೆ)

ಎಲ್ಲರೂ ‘ವೀಲ್ ಬೇಡ’ ಅಂತಲೇ ಹೇಳೋದು, ಹೇಳೋರ ಮನೇಲಿ ಮಾತ್ರ ಡೈರೆಕ್ಟ್ ಡ್ರೈವ್ ಇರುತ್ತೆ 😄 ನಾನು ಸುಳ್ಳು ಹೇಳಲ್ಲ, ಹೋದ ವರ್ಷ ತಗೊಂಡೆ. ಟೈಮ್ ಎಷ್ಟು ಇಳೀತು? ಮೂರು ಪಾಯಿಂಟ್, ಅಂದ್ರೆ 0.3 ಸೆಕೆಂಡ್. ಖುಷಿ ಎಷ್ಟು ಏರ್ತು ಅಂದ್ರೆ ಅದು ಲೆಕ್ಕ ಇಲ್ಲ. ಮುಂದಿನ ಟಯರ್ ಹಿಡಿತ ಬಿಡೋ ಮೊದಲು ಕೈಗೆ ಒಂದು ಸಣ್ಣ ಸಡಿಲ ಗೊತ್ತಾಗುತ್ತಲ್ಲ, ಗೇರ್ ವೀಲಲ್ಲಿ ಅದು ಗಡಗಡ ಶಬ್ದದಲ್ಲಿ ಮುಚ್ಚಿಹೋಗ್ತಿತ್ತು. ಆ ಶಬ್ದದ ಬಗ್ಗೆ ನಮ್ಮ ಸೊಸೈಟಿ ಕಮಿಟಿಗೆ ಕಂಪ್ಲೇಂಟ್ ಹೋಗಿತ್ತು, ಕೆಳಗಿನ ಫ್ಲಾಟ್ ಅಜ್ಜಿ ಬಂದು ‘ರಾತ್ರಿ ಹನ್ನೊಂದರ ಮೇಲೆ ಯಾಕೆ ಮಿಕ್ಸರ್ ಹಾಕ್ತೀರಿ’ ಅಂದ್ರು, ವೀಲ್ ತೋರಿಸಿದ್ರೂ ನಂಬಲಿಲ್ಲ.

ಅಂದ್ರೆ ಟೈಮ್‌ಗೋಸ್ಕರ ತಗೋಬೇಡಿ, ಕೈಗೆ ರುಚಿ ಬೇಕು ಅಂದ್ರೆ ತಗೊಳ್ಳಿ. ಇರೋ ವೀಲಲ್ಲೇ ಆಡೋದಾದ್ರೆ ಫೋರ್ಸ್ ಫೀಡ್‌ಬ್ಯಾಕ್ ಗೇನ್ (ವೀಲ್ ನಿಮ್ಮ ಕೈಗೆ ಕೊಡೋ ಬಲದ ಅಳತೆ) 100ರಲ್ಲಿ ಇಟ್ಟಿದ್ರೆ ಇಳಿಸಿ. ಸಣ್ಣ ಮೋಟರ್‌ಗೆ ಅಷ್ಟು ಕೊಟ್ರೆ ಅದು ತುದಿಗೆ ಹೋಗಿ ನಿಂತುಬಿಡುತ್ತೆ, ಆಮೇಲೆ ಜಾಸ್ತಿ ಬಲ ಬಂದ್ರೂ ಕಮ್ಮಿ ಬಂದ್ರೂ ಒಂದೇ ತರ ಗಟ್ಟಿ, ಏನೂ ತಿಳಿಯಲ್ಲ. ಕ್ಲಿಪ್ಪಿಂಗ್ ಅಂತಾರೆ ಅದನ್ನ.

---

ಚಾಕಣ್_ಚಾಸಿಸ್

ಗುರು, ನಾನು ಬೆಂಗಳೂರೋನು, ಚಾಕಣ್ ಕಡೆ ಗಾಡಿ ಕಂಪನಿಯೊಂದರಲ್ಲಿ ಸಸ್ಪೆನ್ಷನ್ ಕೆಲಸ ಮಾಡ್ತೀನಿ, ಹಗಲೆಲ್ಲ ಇದೇ ಲೆಕ್ಕ, ರಾತ್ರಿನೂ ಇದೇ ಆಟ, ಹೆಂಡ್ತಿ ನನ್ನನ್ನ ಬಿಟ್ಟುಬಿಟ್ಟಿದಾಳೆ (ಮಾತಿಗೆ ಹೇಳ್ದೆ, ಪಕ್ಕದ ರೂಮಲ್ಲೇ ಇದಾಳೆ).

ಡೌನ್‌ಶಿಫ್ಟ್ ಅವ್ರು ಸಾಂಬಾರ್ ಕತೆ ಹೇಳಿದ್ಮೇಲೆ ನಾನು ಹೇಳೋಕೆ ಜಾಸ್ತಿ ಉಳಿದಿಲ್ಲ, ಆದ್ರೂ ಒಂದು ವಿಷಯ. ಟಯರ್ ಹತ್ರ ಇರೋದು 100 ರೂಪಾಯಿ ಅಂದ್ಕೊಳ್ಳಿ. ಬ್ರೇಕ್‌ಗೂ ಅದರಲ್ಲೇ ಕೊಡ್ಬೇಕು, ತಿರುಗೋಕೂ ಅದರಲ್ಲೇ ಕೊಡ್ಬೇಕು. ಸೀದಾ ಹೋಗೋವಾಗ ನೂರಕ್ಕೆ ನೂರು ಬ್ರೇಕ್‌ಗೆ ಹಾಕಿ, ಯಾರೂ ಕೇಳಲ್ಲ. ಸ್ಟೇರಿಂಗ್ ತಿರುಗಿಸೋಕೆ ಶುರು ಮಾಡಿದ್ರಿ ಅಂದ್ರೆ ಅಲ್ಲಿಂದ ಹತ್ತು, ಇಪ್ಪತ್ತು, ಮೂವತ್ತು ರೂಪಾಯಿ ತಿರುವಿಗೆ ಹೋಗ್ತಾ ಹೋಗುತ್ತೆ, ಅಷ್ಟಷ್ಟೇ ಬ್ರೇಕ್‌ನಿಂದ ವಾಪಸ್ ತಗೋತಾ ಬರ್ಬೇಕು. ಟ್ರೇಲ್ ಬ್ರೇಕಿಂಗ್ ಅಂತ ದೊಡ್ಡದಾಗಿ ಹೇಳ್ತಾರಲ್ಲ, ಅದು ಇಷ್ಟೇ. ಹಾಗೆ ಸ್ವಲ್ಪ ಸ್ವಲ್ಪ ಬಿಡ್ತಾ ಹೋದ್ರೆ ಮುಂದಿನ ಟಯರ್ ಮೇಲೆ ಭಾರ ಉಳಿದು ಗಾಡಿ ಮೂತಿ ಒಳಗೆ ಎಳೆಯುತ್ತೆ. ಒಮ್ಮೆಲೇ ಬಿಟ್ರೆ ಮೂತಿ ಎದ್ದು ಸೀದಾ ಹೋಗುತ್ತೆ.

ಜಿಟಿ3 ಗಾಡಿಗೆ ರೆಕ್ಕೆ ಇದೆ. ಸ್ಪೀಡ್ ಜಾಸ್ತಿ ಇದ್ದಾಗ ಗಾಳಿ ಕೆಳಗೆ ಒತ್ತುತ್ತೆ, ಆವಾಗ ಜೇಬಲ್ಲಿ 100 ಅಲ್ಲ, ಇನ್ನೂ ಜಾಸ್ತಿ ದುಡ್ಡಿರುತ್ತೆ. ಹಾಗಾಗಿ ಸ್ಟ್ರೇಟ್ ಕೊನೇಲಿ ಮೊದಲ ಕ್ಷಣದಲ್ಲೇ ಪೂರ್ತಿ ತುಳೀಬೇಕು, ಸ್ಪೀಡ್ ಇಳಿದ ಹಾಗೆ ಕಾಲು ಸಡಿಲ ಮಾಡ್ಬೇಕು. ನಮ್ಮ ರೋಡಲ್ಲಿ ಕಾರ್ ಓಡಿಸೋರು ಉಲ್ಟಾ ಮಾಡ್ತೀವಿ, ಮೊದಲು ಮೆತ್ತಗೆ, ಕೊನೇಲಿ ಜೋರಾಗಿ, ಮುಂದೆ ಆಟೋ ನಿಂತಿರುತ್ತೆ ಅಂತ. ಆ ಅಭ್ಯಾಸ ಕಾಲಿಂದ ಹೋಗೋಕೆ ಟೈಮ್ ಬೇಕು. ಎಬಿಎಸ್ ಇದೆ, ನಿಜವಾದ ಜಿಟಿ3 ಗಾಡೀಲೂ ಇದೆ, ಹೆದರಬೇಡಿ.

ಆದ್ರೆ ನನಗೆ ಅನುಮಾನ ಬೇರೆ ಕಡೆ ಇದೆ. ಹತ್ತರಲ್ಲಿ ಆರು ಸಲ ಚಿಕೇನ್ ಹಾರ್ತೀನಿ ಅಂದ್ರಲ್ಲ, 150 ಅನ್ನೋದು ತೀರಾ ಹುಚ್ಚು ಬ್ರೇಕ್ ಪಾಯಿಂಟ್ ಏನಲ್ಲ. ಒಂದು ಕೆಲಸ ಮಾಡಿ. ಸ್ಕ್ರೀನಲ್ಲಿ ಕೆಳಗಡೆ ಪೆಡಲ್‌ಗಳ ಪಟ್ಟಿ ತೋರಿಸುತ್ತಲ್ಲ, ಕೆಂಪು ಬ್ರೇಕ್‌ದು, ಅದನ್ನ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡು ಹತ್ತು ಲ್ಯಾಪ್ ಹೊಡೀರಿ, ಆಮೇಲೆ ನೋಡಿ. ನೀವು ‘ಪೂರ್ತಿ ತುಳಿದೆ’ ಅಂದ್ಕೊಂಡಾಗ ಅದು ಪೂರ್ತಿ ಮೇಲಕ್ಕೆ ಹೋಗುತ್ತಾ?

ಇನ್ನೊಂದು, ಎಫ್‌ಒವಿ, ಅಂದ್ರೆ ಸ್ಕ್ರೀನಲ್ಲಿ ಎಷ್ಟು ಅಗಲದ ನೋಟ ಕಾಣಬೇಕು ಅನ್ನೋ ಕೋನ. 24 ಇಂಚಿನ ಮಾನಿಟರ್ 60 ಸೆಂಟಿಮೀಟರ್ ದೂರ ಇದ್ರೆ ಅಗಲದ ಲೆಕ್ಕದಲ್ಲಿ ಸುಮಾರು 48 ಡಿಗ್ರಿ ಬರುತ್ತೆ. ಅದಕ್ಕಿಂತ ತುಂಬಾ ಅಗಲ ಇಟ್ಟಿದ್ರೆ ಎಲ್ಲಾ ದೂರ ಕಾಣುತ್ತೆ, ಬೋರ್ಡು ಇನ್ನೂ ಆಚೆ ಇದೆ ಅನ್ಸುತ್ತೆ, ಅಷ್ಟೊತ್ತಿಗೆ ಬಂದೇ ಬಿಟ್ಟಿರುತ್ತೆ. ನಿಜವಾದ ಗಾಡೀಲಿ ಬೆನ್ನು ಹೇಳುತ್ತೆ, ಹೊಟ್ಟೆ ಹೇಳುತ್ತೆ, ಇಲ್ಲಿ ಕಣ್ಣು, ಕಿವಿ, ಕೈ ಮೂರೇ. ಅದರಲ್ಲಿ ಕಣ್ಣಿಗೆ ಸುಳ್ಳು ಹೇಳಿದ್ರೆ ಇನ್ನೇನು ಉಳೀತು.

ಟಯರ್ ಪ್ರೆಷರ್ ಬಿಸಿಯಾದ ಮೇಲೆ 26ರಿಂದ 27 ಪಿಎಸ್‌ಐ ಒಳಗೆ ಇದೆಯಾ ಅಂತಾನೂ ನೋಡಿ. ಅದು ಹೇಳ್ದೆ ಇದ್ರೆ ಯಾರಾದ್ರೂ ಬಂದು ನನ್ನ ಬೈತಾರೆ.

---

ಹುಬ್ಬಳ್ಳಿ_ಹ್ಯಾಂಡ್‌ಬ್ರೇಕ್

ಚಾಸಿಸ್ ಸರ್, ಕಾಲಿಗೆ ಬೀಳ್ತೀನಿ. ವಿಡಿಯೋ ಮಾಡಿ ಈಗ ನೋಡಿದೆ. ಕೆಂಪು ಪಟ್ಟಿ ಒಂದು ಸಲಾನೂ ಮ್ಯಾಲ ಮುಟ್ಟಿಲ್ಲ. ಮುಕ್ಕಾಲಿಗೂ ಹೋಗವಲ್ತು, 70ರ ಹತ್ರ ಹೋಗಿ ನಿಂತು ಒದ್ದಾಡ್ತೈತಿ. ನಾ ಮೈಯಾಗಿನ ಶಕ್ತಿ ಎಲ್ಲಾ ಹಾಕಿ ತುಳೀತೀನ್ರಿ! ಮತ್ತ ವಿಡಿಯೋ ನೋಡಿದ ಮ್ಯಾಲ ಇನ್ನೊಂದು ತಿಳೀತು, ತುಳಿದಾಗೊಮ್ಮೆ ಸ್ಕ್ರೀನ್ ಸಣ್ಣದಾಗಾಕತ್ತೈತಿ. ಅಂದ್ರ ಸ್ಕ್ರೀನ್ ಅಲ್ಲ, ಮೊಬೈಲ್ ಕುರ್ಚಿ ಹಿಡಿಕಿಗೆ ಕಟ್ಟಿದ್ದೆ, ಕುರ್ಚೀನ ಹಿಂದ ಹೊಂಟೈತಿ. ಒಂದು ಗೇಣು. ನಾ ಮೊಂಜಾದಾಗ ಬ್ರೇಕ್ ಹಾಕಾಕತ್ತಿಲ್ಲ, ಮನ್ಯಾಗ ಕುರ್ಚಿ ತಳ್ಳಾಕತ್ತೀನಿ.

---

ಚಾಕಣ್_ಚಾಸಿಸ್

ಹಹಹ, ಸಿಕ್ತು ನೋಡಿ. ಲೆಕ್ಕ ಹಾಕಿ, ಪೂರ್ತಿ ಬ್ರೇಕಲ್ಲಿ 120 ಮೀಟರ್‌ಗೆ ಸ್ಪೀಡ್ ಇಳಿಸೋ ಗಾಡಿಗೆ 70 ಪರ್ಸೆಂಟ್ ಬ್ರೇಕ್ ಕೊಟ್ರೆ ಹತ್ತಿರ ಹತ್ತಿರ 170 ಮೀಟರ್ ಬೇಕು. ನೀವು 150ರಲ್ಲಿ ತುಳೀತಿದೀರ. ಕರ್ಬ್ ಹಾರದೆ ಇನ್ನೇನ್ ಮಾಡುತ್ತೆ ಪಾಪ.

---

ವಾಸ್ಕೋ_ವೀಲ್‌ಸ್ಪಿನ್ (ಗೋವಾ)

ನಾನು ಕಾರವಾರದವಳು, ವಾಸ್ಕೋದಲ್ಲಿ ಇದ್ದು ಎಂಟು ವರ್ಷ ಆಯ್ತು, ಈ ಗುಂಪಲ್ಲಿ ಹೆಂಗಸರು ನಾನೊಬ್ಬಳೇ ಇರಬೇಕು ಅನಿಸ್ತದೆ, ಇರಲಿ. ಕುರ್ಚಿ ವಿಷಯ ಬಂತಲ್ಲ ಅದಕ್ಕೆ ಬರೀತಾ ಇದ್ದೇನೆ, ಇದು ನನ್ನ ಕ್ಷೇತ್ರ 😀

ತಮ್ಮಾ, ನೀನು ಪೆಡಲನ್ನ ಗೋಡೆಗೆ ಆನಿಸಿ ಅರ್ಧ ಕೆಲಸ ಮಾಡಿದ್ದೀಯ. ಪೆಡಲ್ ಮುಂದೆ ಹೋಗೋದು ನಿಂತಿತು, ಈಗ ಅದೇ ಬಲ ವಾಪಸ್ ಬಂದು ನಿನ್ನನ್ನ ಹಿಂದೆ ತಳ್ತದೆ. ಗೋಡೆಯ ಸಹವಾಸವೇ ಬೇಡ. ಪೆಡಲ್ ಒಂದು ದಪ್ಪ ಹಲಗೆಗೆ ಸ್ಕ್ರೂ ಮಾಡು, ಆ ಹಲಗೆಯಿಂದ ಕುರ್ಚಿಯ ನಡುಗಂಬಕ್ಕೆ ಗಟ್ಟಿ ಹಗ್ಗ ಕಟ್ಟು, ಎರಡು ಸುತ್ತು, ಬಿಗಿಯಾಗಿ. ಆಮೇಲೆ ನೀನು ಎಷ್ಟೇ ತುಳಿ, ಪೆಡಲ್ ಮುಂದೆ ಹೋಗಬೇಕಾದ್ರೆ ಕುರ್ಚಿನೂ ಮುಂದೆ ಬರಬೇಕು, ಕುರ್ಚಿ ಹಿಂದೆ ಹೋಗಬೇಕಾದ್ರೆ ಪೆಡಲ್ಲೂ ಹಿಂದೆ ಬರಬೇಕು, ಎರಡೂ ಜಗಳ ಆಡ್ಕೊಂಡು ಅಲ್ಲೇ ನಿಲ್ತವೆ. ಹಗ್ಗಕ್ಕೆ ನಾನು ಕೊಟ್ಟದ್ದು 40 ರೂಪಾಯಿ. ಕುರ್ಚಿ ಗಾಲಿಗೆ ಹಳೇ ಬೂಟು ಹಾಕು, ಒಂದೊಂದು ಗಾಲಿ ಒಂದೊಂದು ಬೂಟಿನ ಒಳಗೆ. ನೋಡ್ಲಿಕ್ಕೆ ಹುಚ್ಚರ ಮನೆ ಕಂಡ ಹಾಗೆ ಕಾಣ್ತದೆ, ಆದರೆ ತಿರುಗೋದೂ ಇಲ್ಲ ಜಾರೋದೂ ಇಲ್ಲ.

ಇಷ್ಟಾದ ಮೇಲೂ ಪಟ್ಟಿ ಮೇಲೆ ಮುಟ್ಟದಿದ್ರೆ ಮಾತ್ರ ಪೆಡಲ್ ಬಿಚ್ಚು. ಬ್ರೇಕ್ ಪೆಡಲಿನ ಹಿಂದೆ ಒಂದು ರಬ್ಬರ್ ತುಂಡು ಇರೋ ಮಾಡೆಲ್ ಇದ್ರೆ ಅದು ಗಟ್ಟಿ ಇರ್ತದೆ. ಮತ್ತೆ ಮಳೆಗಾಲದಲ್ಲಿ ನಮ್ಮ ಕಡೆ ಸಮುದ್ರದ ಗಾಳಿಗೆ ಏನೂ ಉಳಿಯೋದಿಲ್ಲ. ಕಡಿಮೆ ಬೆಲೆಯ ಪೆಡಲಿನಲ್ಲಿ ಪೊಟೆನ್ಷಿಯೋಮೀಟರ್ ಇರ್ತದೆ, ಹಳೇ ರೇಡಿಯೋದ ವಾಲ್ಯೂಮ್ ಗುಂಡಿ ಇದ್ದ ಹಾಗೆ, ಒಳಗೆ ಧೂಳು ತೇವ ಸೇರಿದ್ರೆ ತಿರುಗಿಸಿದಾಗ ಕರಕರ ಅಂತಿತ್ತಲ್ಲ, ಅದೇ ಕರಕರ ಇಲ್ಲಿ ಬ್ರೇಕ್ ಪಟ್ಟಿ ಕುಣಿಯೋ ಹಾಗೆ ಕಾಣ್ತದೆ. ನೀನು ‘ಒದ್ದಾಡ್ತೈತಿ’ ಅಂದದ್ದು ಅದೂ ಇರಬಹುದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗ್ತದೆ, ಪ್ಲಗ್ ತೆಗೆದು ಹೊಡೆದು ನಾಲ್ಕು ಸಲ ತುಳಿದು ಒಣಗಲಿಕ್ಕೆ ಬಿಡು.

ಲೋಡ್ ಸೆಲ್ ಬಗ್ಗೆ ಒಂದೇ ಮಾತು. ಅದು ಪೆಡಲ್ ಎಷ್ಟು ದೂರ ಹೋಯ್ತು ಅಂತ ನೋಡೋದಿಲ್ಲ, ಎಷ್ಟು ಒತ್ತಿದೆ ಅಂತ ನೋಡ್ತದೆ. ಕಾಲಿಗೆ ದೂರ ನೆನಪಿರೋದು ಕಷ್ಟ, ಒತ್ತಡ ನೆನಪಿರ್ತದೆ. ಎಂದಾದ್ರೂ ದುಡ್ಡು ಹಾಕೋದಾದ್ರೆ ವೀಲಿಗಿಂತ ಮೊದಲು ಅದಕ್ಕೆ ಹಾಕು. ಆದರೆ ಗಾಲಿ ಕುರ್ಚಿ ಮೇಲೆ ಕೂತು ಲೋಡ್ ಸೆಲ್ ತುಳಿದ್ರೆ ಅಡಿಗೆಮನೆಗೆ ಹೋಗಿ ಮುಟ್ತೀಯ, ಅದು ಇನ್ನೂ ಗಟ್ಟಿ.

ನಾನು ಮೊಂಜಾ ಆಡೋದಿಲ್ಲ, ಬೇಜಾರು, ಸ್ಟ್ರೇಟು ಚಿಕೇನು ಸ್ಟ್ರೇಟು ಚಿಕೇನು. ನನ್ನದು ಜರ್ಮನಿಯ ನೂರ್‌ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆ, ಹೋದ ಮಳೆಗಾಲ ಪೂರ್ತಿ ಅದೊಂದೇ. 20.8 ಕಿಲೋಮೀಟರ್ ಒಂದು ಸುತ್ತು. ನಮ್ಮ ಚೋರ್ಲಾ ಘಾಟ್‌ನ ಹಾಗೆ, ಮುಂದೆ ಏನು ಬರ್ತದೆ ಕಾಣೋದಿಲ್ಲ, ನೆನಪಲ್ಲಿ ಇಟ್ಕೋಬೇಕು. ಹದಿನೆಂಟನೇ ಕಿಲೋಮೀಟರಿನಲ್ಲಿ ಕರೆಂಟ್ ಹೋದ್ರೆ ಆಗೋ ದುಃಖ ಯಾರಿಗೂ ಬೇಡ.

---

ಘೋಡಬಂದರ್_ಜಿಟಿ

ಅಕ್ಕಾ, ಬೂಟಿನ ಫೋಟೋ ಹಾಕಿ ಪ್ಲೀಸ್.

---

ಡೊಂಬಿವಲಿ_ಡೌನ್‌ಶಿಫ್ಟ್

ಮೊಂಜಾ ಬೇಜಾರು ಅಂದ್ರಲ್ಲ ಅಕ್ಕ, ಅದು ಮಾತ್ರ ಒಪ್ಪುವುದಿಲ್ಲ. 5.793 ಕಿಲೋಮೀಟರಲ್ಲಿ ಬೆರಳೆಣಿಕೆ ತಿರುವು, ಅದಕ್ಕೇ ಕಷ್ಟ. ಬೇರೆ ಟ್ರ್ಯಾಕಲ್ಲಿ ಒಂದು ತಿರುವು ಹಾಳಾದರೆ ಇನ್ನೊಂದರಲ್ಲಿ ಸರಿ ಮಾಡ್ಬಹುದು, ಇಲ್ಲಿ ಒಂದು ಹಾಳು ಮಾಡಿದರೆ ಅದರ ಮುಂದಿನ ಸ್ಟ್ರೇಟ್ ಇಡೀ ದಂಡ ಕಟ್ಟಬೇಕು. ಪರಬೋಲಿಕಾಕ್ಕೆ 2021ರಲ್ಲಿ ಆಲ್ಬೊರೇಟೋ ಅಂತ ಹೆಸರು ಇಟ್ಟರು, ಆದರೂ ಎಲ್ಲರ ಬಾಯಲ್ಲಿ ಪರಬೋಲಿಕಾವೇ, ನಮ್ಮಲ್ಲಿ ಸಿಎಸ್‌ಎಂಟಿಗೆ ಈಗಲೂ ವಿಟಿ ಸ್ಟೇಷನ್ ಅಂತಾರಲ್ಲ ಹಾಗೆ. ಅಲ್ಲಿಂದ ಹೊರಗೆ ಬರುವಾಗ 5 ಕಿಲೋಮೀಟರ್ ಸ್ಪೀಡ್ ಜಾಸ್ತಿ ಇದ್ದರೆ ಅದು ಮೊದಲ ಚಿಕೇನಿನ ತನಕ ನಿಮ್ಮ ಜೊತೆ ಬರ್ತದೆ.

---

ಹುಬ್ಬಳ್ಳಿ_ಹ್ಯಾಂಡ್‌ಬ್ರೇಕ್

ಹನ್ನೊಂದು ದಿನದ ಮ್ಯಾಲ ಬರಾಕತ್ತೀನಿ, ಎಲ್ಲಾರೂ ಮರ್ತಿರಬೇಕು.

ಅಕ್ಕಾರ ಹೇಳಿದಂಗ ಮಾಡಿದೆ. ಹಲಗಿ ಪಿಂಪ್ರಿಯಾಗ ಫರ್ನಿಚರ್ ಅಂಗಡಿ ಹಿಂದ ಬಿದ್ದಿದ್ದು ಪುಕ್ಕಟೆ ಸಿಕ್ತು, ಹಗ್ಗ 60 ರೂಪಾಯಿ (ಪುಣೆಯಾಗ ಎಲ್ಲಾ ತುಟ್ಟಿ), ಸ್ಪ್ರೇನೂ ಹೊಡದೆ. ಬೂಟು ಐದು ಬೇಕು, ಮನ್ಯಾಗ ಎರಡ ಜೋಡಿ ಇದ್ದುವು, ಐದನೇ ಗಾಲಿಗೆ ಆಕಿದೊಂದು ಹಳೇ ಚಪ್ಪಲಿ ಹಾಕಿದೆ. ಆಕಿ ಸಂಜಿಕೆ ಬಂದು ನೋಡಿ ಹಂಗ ನಿಂತ್ಲು, ಆಮ್ಯಾಲ ಕೇಳಿದ್ಲು, ‘ಇದು ಎಲ್ಲಿಗೆ ಹೊಂಟೈತಿ?’

ಮೊದಲನೇ ದಿನ ಭಾಳ ಮಜಾ ಆತು. ಅದ 150ರ ಬೋರ್ಡಿಗೆ ಹಳೇ ರೂಢಿಯಂಗ ಮೈಮ್ಯಾಲ ಬಿದ್ದು ತುಳಿದೆ, ಕೆಂಪು ಪಟ್ಟಿ ಫುಲ್, ಎಬಿಎಸ್ ಡರ್‌ರ್ ಅಂತು, ಗಾಡಿ ಚಿಕೇನ್ ಇನ್ನೂ ಅಲ್ಲಿ ಇರೂಮುಂದನ ಪೂರಾ ಮೆತ್ತಗಾಗಿಬಿಡ್ತು, ಬಸ್ ಸ್ಟಾಪಿಗೆ ಮುಂಚೇನ ಇಳಿದಂಗ. ಎರಡು ದಿನ ಟೈಮ್ ಇನ್ನೂ ಕೆಡ್ತು, 1:55 ಆತು. ಆಮ್ಯಾಲ ಚಾಸಿಸ್ ಸರ್ ಹೇಳಿದಂಗ ಮೊದಲ ಫುಲ್, ಆಮ್ಯಾಲ ಬಿಡ್ಕೋತ ಹೋಗೂದು, ಅದೊಂದನ್ನ ಹಿಡ್ಕೊಂಡು ಕುಂತೆ. ಬಿಡೂದ ಕಷ್ಟ ಐತ್ರಿ, ತುಳಿಯೂದಲ್ಲ. ಕಾಲು ಒಮ್ಮೆಲೇ ಎತ್ತಿಬಿಡ್ತಿತ್ತು. ಎಫ್‌ಒವಿ ಲೆಕ್ಕಾ ಹಾಕಿ ಇಳಿಸಿದ ಮ್ಯಾಲ ಮೊದಲ ಕೊಳವಿಯಾಗಿಂದ ನೋಡಿದಂಗ ಅನಿಸ್ತು, ಸ್ಪೀಡ್ ಇಲ್ಲ ಅನಿಸ್ತು, ಮೂರು ದಿನಕ್ಕ ರೂಢಿ ಆತು, ಈಗ ಬೋರ್ಡು ಎಲ್ಲೈತಿ ಅಂತ ಖರೇನ ತಿಳೀತೈತಿ.

ಪೋರ್ಷೆದಾಗ 1:51.8. ಡೌನ್‌ಶಿಫ್ಟ್ ಅಣ್ಣಾರ ಮಾತು ಕೇಳಿ ಆಸ್ಟನ್ ತಗೊಂಡೆ, ಎರಡನೇ ದಿನ 1:50.6. ಹೊಟ್ಟಿಯಾಗ ಸಂಕಟ ಆತು ಖರೇ, ಆದ್ರ ಲೆಸ್ಮೋದಾಗ ಒಂದು ಸಲಾನೂ ತಿರುಗಿಲ್ಲ. ಪೋರ್ಷೆ ಈಗ ಐತ್ವಾರಕ್ಕೊಮ್ಮೆ ಹೊರಗ ತಗೀತೀನಿ.

ಮತ್ತ ನಿನ್ನೆ ರಾತ್ರಿ ಧೈರ್ಯಾ ಮಾಡಿ ಆನ್‌ಲೈನ್ ಪಬ್ಲಿಕ್ ಲಾಬಿಗೆ (ಯಾರ್ ಬೇಕಾದ್ರೂ ಸೇರೋ ರೇಸು) ಹೋಗಿದ್ದೆ. ಯುರೋಪ್ ಸರ್ವರು, ಪಿಂಗ್ 150, ಗ್ರಿಡ್‌ನ್ಯಾಗ 19ನೇ ಸ್ಥಾನ. ನನ್ನ ಮುಂದಿನಾಂವ ನಾ ಹಿಂದ ಹೆಂಗಿದ್ನೋ ಹಂಗ ಇದ್ದ, ನಾ 200ರ ಬೋರ್ಡಿಗೇನ ಬ್ರೇಕ್ ಹಾಕಿದೆ, ಆಂವ ಹಾಕ್ಲಿಲ್ಲ. ಚಿಕೇನಿನ್ಯಾಗ ಬರೇ ಹೊಗಿ, ಗಾಡಿ ಅಡ್ಡಾದಿಡ್ಡಿ ನಿಂತಾವು, ಒಂದು ಉಲ್ಟಾ ಬಿದ್ದೈತಿ, ನಮ್ಮ ಊರಾಗ ಮಾರ್ಕೆಟ್ ದಿನ ಹಾದಂಗ ಸಂದಿಯಾಗ ಹಾದು ಆಚೀ ಕಡೆ ಬಂದು ನೋಡ್ತೀನಿ, 11ನೇ ಸ್ಥಾನ! ಕೊನೀತನಾ ಅದ 11ರಾಗ ಮುಗಿಸಿದೆ. ಕೈ ನಡಗಾಕತ್ತಿದ್ವು, ಆಫೀಸಿನ ಪ್ರೆಸೆಂಟೇಷನ್‌ಗೂ ಹಂಗ ನಡಗಿಲ್ಲ.

---

ಡೊಂಬಿವಲಿ_ಡೌನ್‌ಶಿಫ್ಟ್

ಶಾಬಾಶ್ ಮಾರಾಯ್ರೆ! ಮೊಂಜಾದ ಮೊದಲ ಚಿಕೇನಿನಲ್ಲಿ ಯಾವಾಗಲೂ ಹೀಗೆಯೇ, ದಾದರ್‌ನಲ್ಲಿ ಲೋಕಲ್ ಬಾಗಿಲು ತೆರೆದ ಹಾಗೆ. ಮೊದಲ ಲ್ಯಾಪಲ್ಲಿ ಬದಿಗೆ ನಿಂತು ಬಿಟ್ಟುಕೊಟ್ಟವನೇ ಒಳಗೆ ಹೋಗಿ ಸೀಟು ಹಿಡಿಯುವುದು. ಸೇಫ್ಟಿ ರೇಟಿಂಗ್ (ಢಿಕ್ಕಿ ಇಲ್ಲದೆ ಓಡಿಸಿದರೆ ಗೇಮ್ ಕೊಡುವ ಅಂಕ) ಸ್ವಲ್ಪ ಏರಿಸಿಕೊಳ್ಳಿ, ಮೇಲಿನ ರೇಟಿಂಗ್ ಕೇಳುವ ಸರ್ವರಲ್ಲಿ ಜನ ಸ್ವಲ್ಪ ಮರ್ಯಾದಸ್ಥರು ಇರ್ತಾರೆ.

---

ಚಾಕಣ್_ಚಾಸಿಸ್

1:50.6 ಸೂಪರ್ ಗುರು. ಇನ್ನು ಮುಂದಿನ ಎರಡು ಸೆಕೆಂಡ್ ಇಷ್ಟು ಸುಲಭಕ್ಕೆ ಬರಲ್ಲ, ಈಗಲೇ ಹೇಳಿರ್ತೀನಿ, ಹಗ್ಗ ಕಟ್ಟಿದ್ರೂ ಬರಲ್ಲ. ಪ್ರತಿ ತಿರುವಲ್ಲೂ ಒಂದೊಂದು ಪಾಯಿಂಟ್ ಹುಡುಕ್ಬೇಕು. ಮೊದಲು ಅಸ್ಕಾರಿ ಚಿಕೇನ್ ನೋಡಿ, ಅಲ್ಲಿ ಬಹಳ ಜನ ಮೊದಲ ಎಡಕ್ಕೆ ಜೋರಾಗಿ ನುಗ್ಗಿ ಆಮೇಲೆ ಬರೋ ಎರಡನ್ನ ಹಾಳು ಮಾಡ್ಕೋತಾರೆ.

---

ಘೋಡಬಂದರ್_ಜಿಟಿ

ಎಲ್ಲಾ ಸರಿ, ಆ 50,000 ಏನಾಯ್ತು? ಡೈರೆಕ್ಟ್ ಡ್ರೈವ್ ಬಂತಾ ಇಲ್ವಾ?

---

ಹುಬ್ಬಳ್ಳಿ_ಹ್ಯಾಂಡ್‌ಬ್ರೇಕ್

ಬಂತ್ರಿ, ಡೈರೆಕ್ಟ್ ಡ್ರೈವ್‌ನ ಬಂತು. ವಾಷಿಂಗ್ ಮಷೀನು.